ಮಿಲ್ಲು ನಿಂತಾಗ ಕೇಳಿಸಿದ ನಗು

ಅಮ್ಮನ ಫೋನು ಬ್ಯುಸಿ ಬಂದರೆ ಆ ಕಡೆ ಯಾರಿದ್ದಾರೆ ಎಂದು ನನಗೆ ಯಾರೂ ಹೇಳಬೇಕಾಗಿಲ್ಲ. ತೇಜ. ನನ್ನ ಸೋದರಮಾವನ ಮಗಳು ತೇಜಾವತಿ. ಕಡಬದಲ್ಲಿ ಗಂಡನ ಮನೆ, ಬೆಳೆದು ನಿಂತ ಮಕ್ಕಳು, ಕೈತುಂಬ ಕೆಲಸ. ಆದರೂ ಸಂಜೆ ಹಾಲು ಕಾಯಿಸುವ ಹೊತ್ತಿಗೆ ಸರಿಯಾಗಿ ನನ್ನ ಅಮ್ಮನಿಗೆ ಫೋನು ಹಚ್ಚಿ ಕುಳಿತುಬಿಡುತ್ತಾಳೆ. ನಾನು ಅದೇ ಹೊತ್ತಿಗೆ ಮಾಡಿದರೆ, ನೀವು ಕರೆ ಮಾಡಿದವರು ಬೇರೆ ಕರೆಯಲ್ಲಿದ್ದಾರೆ ಎಂದು ಯಾವಳೋ ಒಬ್ಬಳು ಹೇಳುತ್ತಾಳೆ. ಆ ಯಾವಳೋ ಒಬ್ಬಳ ಮೇಲೂ ನನಗೆ ಸಿಟ್ಟು. ನನ್ನ ಗಂಡ ಪಕ್ಕದಲ್ಲೇ ಕುಳಿತು ಪೇಪರು ಓದುತ್ತಾ ನಗಾಡುತ್ತಾರೆ.

"ಈ ಪ್ರಾಯದಲ್ಲಿಯೂ ಎಂತ ಹೊಟ್ಟೆಕಿಚ್ಚು ಮಾರಾಯ್ತಿ ನಿನ್ನದು?"

ಹೊಟ್ಟೆಕಿಚ್ಚಿಗೆ ಪ್ರಾಯ ಉಂಟಾ? ಶೀತಕ್ಕೆ, ಜ್ವರಕ್ಕೆ ಇಲ್ಲದ ಪ್ರಾಯ ಇದಕ್ಕೆ ಯಾಕೆ? ರಾಮಕುಂಜದ ಹತ್ತಿರದ ಒಂದು ಹೈಸ್ಕೂಲಿನಲ್ಲಿ ನಾನು ಹತ್ತನೆಯ ತರಗತಿಯ ಮಕ್ಕಳಿಗೆ ವಿಜ್ಞಾನ ಹೇಳಿಕೊಡುವವಳು. ಪರೀಕ್ಷೆ ಮುಗಿದ ಮೇಲೆ ಮಕ್ಕಳು ಬಂದು, ಟೀಚರ್, ಸಯನ್ಸ್ ತೆಗೆದುಕೊಳ್ಳಲಾ, ಕಾಮರ್ಸಾ ಎಂದು ಕೇಳುತ್ತಾರೆ. ಆಸಕ್ತಿ ನೋಡಿಕೊಂಡು ನಿರ್ಧಾರ ಮಾಡಬೇಕು ಮಕ್ಕಳೇ ಎಂದು ಗಂಭೀರವಾಗಿ ಹೇಳುತ್ತೇನೆ. ಮುಂದಿನ ಓದು ಎಲ್ಲಿ ಎಂಬುದನ್ನು ನಾನು ನಿರ್ಧಾರ ಮಾಡಿದ್ದು ಮಾತ್ರ ಆಸಕ್ತಿಯಿಂದಲ್ಲ, ಬುದ್ಧಿಯಿಂದಲೂ ಅಲ್ಲ, ಶುದ್ಧ ಹೊಟ್ಟೆಕಿಚ್ಚಿನಿಂದ. ಅದನ್ನು ಆ ಮಕ್ಕಳಿಗೆ ಹೇಳಲಿಕ್ಕಾಗುವುದಿಲ್ಲವಲ್ಲ. ಅದಕ್ಕೆ ಇಲ್ಲಿ ಬರೆಯುತ್ತಿದ್ದೇನೆ.

ಕುಂಬ್ರದಲ್ಲಿ ನಮ್ಮ ಮನೆ ಎಂದರೆ ಮೊದಲು ಮಿಲ್ಲು, ಅದರ ಹಿಂದೆ ಮನೆ. ಜಂಕ್ಷನ್ನಿನಿಂದ ಸ್ವಲ್ಪ ಆಚೆ ರಸ್ತೆಗೇ ಮುಖ ಮಾಡಿ ಅಪ್ಪನ ಹಿಟ್ಟಿನ ಮಿಲ್ಲು ಇತ್ತು. ಅಕ್ಕಿ, ಮೆಣಸು, ಕೊತ್ತಂಬರಿ ಎಲ್ಲ ಅಲ್ಲಿ ಹುಡಿಯಾಗುತ್ತಿದ್ದವು. ಮಿಲ್ಲಿನ ಹಿಂಬಾಗಿಲು ನಮ್ಮ ಚಾವಡಿಗೆ ತೆರೆಯುತ್ತಿತ್ತು. ಚಾವಡಿಯ ಮೂಲೆಯಲ್ಲಿ ಮನೆಯ ದೈವದ ಮಣೆ, ಆಚೆಗೆ ಅಜ್ಜಿಯ ಮಂಚ, ಒಳಗೆ ಒಂದು ಕೋಣೆ, ಕೊನೆಗೆ ಅಡುಗೆಮನೆ. ಮಿಲ್ಲು ಓಡುವಾಗ ನೆಲ ನಡುಗುತ್ತಿತ್ತು, ಗೋಡೆಗೆ ತೂಗುಹಾಕಿದ ದೇವರ ಫೋಟೋಗಳು ಸಣ್ಣಗೆ ಟಕಟಕ ಎನ್ನುತ್ತಿದ್ದವು. ಬಟ್ಟೆ, ಪುಸ್ತಕ, ರೆಪ್ಪೆಗೂದಲು, ಎಲ್ಲದರ ಮೇಲೂ ಹಿಟ್ಟಿನ ಹುಡಿ. ಮೆಣಸು ಹಾಕಿದ ದಿನ ಮನೆಯಿಡೀ ಸೀನು. ಆ ಸದ್ದಿನಲ್ಲಿ ಬೆಳೆದ ನಾವೆಲ್ಲ ಬೊಬ್ಬೆ ಹಾಕಿಯೇ ಮಾತನಾಡುವವರು. ಉಪ್ಪು ಬೇಕು ಎಂದರೂ ಜಗಳದ ಹಾಗೆ ಕೇಳುತ್ತಿತ್ತು. ಅಮ್ಮ ಒಬ್ಬಳು ಮಾತ್ರ ಕಡಿಮೆ ಮಾತಿನವಳು. ಅದು ಅವಳ ಸ್ವಭಾವ ಎಂದೇ ನಾನು ತಿಳಿದಿದ್ದೆ.

ನಮ್ಮದು ಗೌಡರ ಮನೆ, ಆದರೆ ಪುತ್ತೂರು ಕಡೆಯವರಾದ ಕಾರಣ ಮನೆಮಾತು ತುಳು. ಇಲ್ಲಿ ನಾನು ಕನ್ನಡದಲ್ಲಿ ಬರೆಯುವ ಮನೆಯ ಮಾತೆಲ್ಲ, ತೇಜಳ ಜೊತೆ ಮೊದಲಿಗೆ ಆಡಿದ್ದೊಂದು ಬಿಟ್ಟರೆ, ಆಗ ತುಳುವಿನಲ್ಲಿ ಆಡಿದ್ದೇ. ಅಮ್ಮನ ತವರು ಸುಳ್ಯ ದಾಟಿ ಅರಂತೋಡು. ಅಲ್ಲಿಯ ಗೌಡರು ಮನೆಯಲ್ಲಿ ಆಡುವುದು ಅರೆಭಾಷೆ. ಜಾತಿ ಒಂದೇ, ದೈವಗಳೂ ಹೆಚ್ಚುಕಡಿಮೆ ಅವೇ, ನಾಲಿಗೆ ಮಾತ್ರ ಬೇರೆ. ಮದುವೆಯಾಗಿ ಬಂದ ಹೊಸತರಲ್ಲಿ ಅಮ್ಮ ತನ್ನನ್ನು ನೋಡಲು ಬಂದ ಅಣ್ಣನ ಹತ್ತಿರ ಅಡುಗೆಮನೆಯಲ್ಲಿ ಅರೆಭಾಷೆ ಮಾತನಾಡಿದಳಂತೆ. ಚಾವಡಿಯಲ್ಲಿದ್ದ ಅಜ್ಜಿಗೆ, ಅಂದರೆ ಅಪ್ಪನ ಅಮ್ಮನಿಗೆ, ಅದು ಅರ್ಧಂಬರ್ಧ ಕೇಳಿ, ತನ್ನ ಬಗ್ಗೆಯೇ ಮಾತು ಎಂದು ಗಟ್ಟಿಯಾಯಿತು. ಅಜ್ಜಿ ಕೆಟ್ಟವಳಲ್ಲ. ಆದರೆ ಜಗತ್ತಿನಲ್ಲಿ ತನಗೆ ಅರ್ಥವಾಗದ ಮಾತೆಲ್ಲ ತನ್ನ ಬಗ್ಗೆಯೇ ಎಂದು ನಂಬಿದವಳು.

"ನನ್ನ ಒಲೆಯ ಎದುರು ನನಗೆ ತಿಳಿಯುವ ಹಾಗೆ ಮಾತಾಡಬೇಕು" ಎಂದಳಂತೆ. ಅಷ್ಟೇ. ಅಮ್ಮ ತನ್ನ ಭಾಷೆಯನ್ನು ಮಡಿಸಿ ಟ್ರಂಕಿನ ತಳಕ್ಕೆ ಹಾಕಿದಳು. ನನ್ನನ್ನು ತೂಗಿದ್ದು, ಬೈದದ್ದು, ಹೊಡೆದದ್ದು ಎಲ್ಲ ತುಳುವಿನಲ್ಲಿ.

ತೇಜ ನಮ್ಮ ಮನೆಗೆ ಬಂದದ್ದು ಒಂಬತ್ತನೆಯ ತರಗತಿಗೆ. ಎಂಟರಲ್ಲಿ ಅವಳ ಮಾರ್ಕು ನೋಡಿ ಮಾವನಿಗೆ ತಲೆ ತಿರುಗಿತ್ತು. ತಂಗಿಯ ಕೈಯಲ್ಲಿ ಕೊಟ್ಟರೆ ಹುಡುಗಿ ಹತ್ತು ಪಾಸಾದಾಳು ಎಂದು ಬಟ್ಟೆಯ ಚೀಲದೊಂದಿಗೆ ತಂದು ಬಿಟ್ಟರು. ನನಗೆ ಮೊದಲು ಖುಷಿಯೇ ಆಯಿತು, ಒಂದೇ ತರಗತಿ, ಒಂದೇ ಚಾಪೆ, ಶಾಲೆಗೆ ಹೋಗಲು ಜೊತೆ. ಆ ಖುಷಿ ಉಳಿದದ್ದು ಸಂಜೆಯ ತನಕ. ಮಿಲ್ಲು ಓಡುತ್ತಿತ್ತು. ತೇಜ ಅಡುಗೆಮನೆಯ ಹೊಸ್ತಿಲಲ್ಲಿ ಕುಳಿತು ಅಮ್ಮನಿಗೆ ಏನೋ ಹೇಳುತ್ತಿದ್ದಳು. ಆಗ ಕರೆಂಟು ಹೋಯಿತು. ಮಿಲ್ಲು ಉಸಿರೆಳೆದು ನಿಂತಿತು. ಇದ್ದಕ್ಕಿದ್ದಂತೆ ಬಿದ್ದ ಆ ಮೌನದಲ್ಲಿ ಒಂದು ನಗು ಕೇಳಿತು. ಗಟ್ಟಿ ನಗು, ಗಂಟಲು ಬಿಟ್ಟು, ಉಸಿರು ಸಿಕ್ಕಿಕೊಳ್ಳುವ ಹಾಗೆ. ಯಾರಪ್ಪಾ ಬಂದವರು ಎಂದು ನಾನು ಓಡಿಹೋಗಿ ನೋಡಿದರೆ, ಅಮ್ಮ. ಒನಕೆ ಹಿಡಿದುಕೊಂಡು, ಕಣ್ಣು ಒರೆಸಿಕೊಂಡು ನಗುತ್ತಿದ್ದಾಳೆ, ನಗುವಿನ ನಡುವೆ ಅರೆಭಾಷೆಯಲ್ಲಿ ಪಟಪಟ ಮಾತು. ಅಷ್ಟು ವರ್ಷ ಅವಳ ಸೆರಗು ಹಿಡಿದು ಬೆಳೆದ ನಾನು ಆ ನಗುವನ್ನು ಅದೇ ಮೊದಲು ಕೇಳಿದ್ದು. ನನ್ನನ್ನು ಕಂಡು ಅಮ್ಮ ಬಾಯಿ ಮುಚ್ಚಿಕೊಂಡಳು.

"ಎಂತ ನಗಾಡಿದ್ದು ಅಮ್ಮ?"

"ಎಂತದೂ ಇಲ್ಲ."

"ಹೇಳು, ನಾನೂ ನಗ್ತೇನೆ."

"ತುಳುವಿನಲ್ಲಿ ಹೇಳಿದ್ರೆ ಅದಕ್ಕೆ ನಗು ಬರುದಿಲ್ಲ ಮಗಾ" ಎಂದು ಅಮ್ಮ ಕುಟ್ಟಲು ತೊಡಗಿದಳು.

ಆ ಮಾತು ಎದೆಗೆ ಮುಳ್ಳಿನ ಹಾಗೆ ನಾಟಿತು. ನನಗೆ ಅರೆಭಾಷೆ ತಿಳಿಯುವುದಿಲ್ಲ ಎಂದಲ್ಲ. ಕನ್ನಡಕ್ಕೆ ಹತ್ತಿರದ್ದು, ಕಿವಿಗೊಟ್ಟರೆ ಅರ್ಥವಾಗುತ್ತಿತ್ತು. ಆದರೆ ಅದು ಒಮ್ಮೆಯೂ ನನ್ನ ಕಡೆ ತಿರುಗಿ ಬಂದ ಮಾತಲ್ಲ. ನಾನೇ ಬಾಯಿ ತೆರೆದು ಒಂದೆರಡು ಮಾತು ಪ್ರಯತ್ನಿಸಿದರೆ ತೇಜ ಬಿದ್ದು ಬಿದ್ದು ನಗುತ್ತಿದ್ದಳು. "ಅಯ್ಯೋ, ಪಾಠಪುಸ್ತಕ ಓದಿದ ಹಾಗುಂಟು!" ಅಮ್ಮ ನನಗೆ ಉತ್ತರ ಕೊಡುತ್ತಿದ್ದದ್ದು ತುಳುವಿನಲ್ಲೇ.

ಹತ್ತನೆಯ ತರಗತಿಯ ವರ್ಷ ಇಡೀ ಮನೆ ನಮ್ಮ ಪರೀಕ್ಷೆಯ ಸುತ್ತ ತಿರುಗುತ್ತಿತ್ತು. ಸರಿಯಾಗಿ ಹೇಳಬೇಕೆಂದರೆ ತೇಜಳ ಪರೀಕ್ಷೆಯ ಸುತ್ತ. ನನ್ನದು ಹೇಗೂ ಆಗುತ್ತದೆ ಎಂದು ಎಲ್ಲರಿಗೂ ಧೈರ್ಯ. ನಮ್ಮ ಕಡೆ ನೆನಪಿನ ಶಕ್ತಿಗೆ ಒಂದೆಲಗ ಎಂದರೆ ಕಣ್ಣು ಮುಚ್ಚಿ ನಂಬುತ್ತಾರೆ. ಬಾವಿಕಟ್ಟೆಯ ಹತ್ತಿರ ನೀರು ಹರಿಯುವಲ್ಲಿ ನಾಲ್ಕು ಬುಡ ಇತ್ತು. ಮಾರ್ಚಿನ ಬಿಸಿಲಿಗೆ ಅದೂ ಬಡಕಲಾಗಿ, ದಿನಕ್ಕೆ ಸಿಗುವುದು ಒಂದು ಮುಷ್ಟಿ ಎಲೆ. ಅದನ್ನು ಅಮ್ಮ ಕಾಯಿಯ ಜೊತೆ ಅರೆದು, ಮಜ್ಜಿಗೆ ಬೆರೆಸಿ ತಂಬುಳಿ ಮಾಡಿ, ಮೊದಲು ತೇಜಳ ಬಟ್ಟಲಿಗೆ ಹೊಯ್ಯುತ್ತಿದ್ದಳು. ಗಟ್ಟಿಯೆಲ್ಲ ಅವಳಿಗೆ. ನನಗೆ ಬರುವಾಗ ಮಜ್ಜಿಗೆಯಲ್ಲಿ ಒಂದೆಲಗದ ನೆರಳು.

"ನನ್ನದು ಪರೀಕ್ಷೆ ಅಲ್ವಾ?" ಒಂದು ದಿನ ನಾನು ಬಟ್ಟಲು ತಳ್ಳಿದೆ.

"ನಿನಗೆ ಹೇಗೂ ನೆನಪಿರ್ತದೆ ಮಾರಾಯ್ತಿ. ಅವಳದ್ದು ಹೊಟ್ಟು. ಪಾಪ."

"ಹಿತ್ತಲ ಗಿಡ ಮದ್ದಲ್ಲ ಹೇಳಿ ಸುಮ್ಮನೆ ಹೇಳಿದ್ದಲ್ಲ" ಎಂದು ಚಾವಡಿಯಿಂದ ಅಜ್ಜಿ ನನ್ನ ಪರವಾಗಿ ಬೊಬ್ಬೆ ಹಾಕಿದಳು. ಗಿಡ ಎಂದದ್ದು ಒಂದೆಲಗಕ್ಕಲ್ಲ, ನನಗೆ. ಮಿಲ್ಲಿನ ಸದ್ದಿನಲ್ಲಿ ಬೇರೇನೂ ಕೇಳಿಸದ ಅಜ್ಜಿಗೆ ಅಡುಗೆಮನೆಯ ಪಕ್ಷಪಾತ ಮಾತ್ರ ಚೆನ್ನಾಗಿ ಕೇಳಿಸುತ್ತಿತ್ತು.

ಹಪ್ಪಳದ ವಿಷಯದಲ್ಲಂತೂ ನನ್ನ ಮೈಯೆಲ್ಲ ಉರಿದುಹೋಯಿತು. ಹಲಸಿನಕಾಯಿ ಬಲಿಯುವುದೂ ಪರೀಕ್ಷೆ ಬರುವುದೂ ಒಂದೇ ಸಮಯಕ್ಕೆ. ಸೊಳೆ ಬಿಡಿಸಿ, ಬೇಯಿಸಿ, ಕುಟ್ಟಿ, ಉಂಡೆ ಕಟ್ಟಿ, ಒತ್ತಿ, ಒಲಿಯ ಚಾಪೆಯ ಮೇಲೆ ಬಿಸಿಲಿಗೆ ಹರಡಿ, ಕಾಗೆ ಕಾಯಬೇಕು. ಮನೆಯಲ್ಲಿರುವ ಒಂದು ಕೈಯೂ ಖಾಲಿ ಇರುವ ಹಾಗಿಲ್ಲ. ಪರೀಕ್ಷೆಯವರಿಗೆ ರಿಯಾಯಿತಿ ಎಂದು ಅಮ್ಮ ಘೋಷಿಸಿದಾಗ ನಾನು ಪುಸ್ತಕ ತೆರೆದು ಕುಳಿತೆ. ಎರಡು ನಿಮಿಷಕ್ಕೆ ಕರೆ ಬಂತು.

"ಚಂದ್ರೀ, ಬಾ ಮಗಾ, ಸ್ವಲ್ಪ ಹಪ್ಪಳ ಒತ್ತು."

"ತೇಜ?"

"ಅವಳು ಓದ್ಲಿ. ನಾಳೆ ಇವಳು ಫೇಲಾದ್ರೆ ಅಣ್ಣನಿಗೆ ನಾನು ಎಂತ ಮುಖ ತೋರಿಸುದು?"

ನಾನು ಫೇಲಾದರೆ ಮುಖ ತೋರಿಸಬೇಕಾದವರು ಯಾರೂ ಇರಲಿಲ್ಲ. ಗಣಿತದ ಸೂತ್ರಗಳನ್ನು ಬಾಯಲ್ಲಿ ಹೇಳಿಕೊಳ್ಳುತ್ತ, ಎಣ್ಣೆ ಹಚ್ಚಿದ ಮಣೆಯಲ್ಲಿ ಹಪ್ಪಳ ಒತ್ತಿದೆ. ತೇಜ ಒಳಗಿನ ಕೋಣೆಯಲ್ಲಿ ಪುಸ್ತಕದ ಮೇಲೆ ಗಲ್ಲ ಊರಿ ನಿದ್ದೆ ಹೋಗಿದ್ದಳು. ಅವಳ ನಿದ್ದೆ ಕೆಡದ ಹಾಗೆ ಮೆಲ್ಲ ಕುಟ್ಟಿ ಎಂದು ಅಮ್ಮ ಹೇಳಿದ್ದನ್ನು ನಾನು ಈ ಜನ್ಮದಲ್ಲಿ ಮರೆಯುವುದಿಲ್ಲ.

ಪರೀಕ್ಷೆಯ ಮೊದಲ ದಿನ ಬೆಳಿಗ್ಗೆ ನಮ್ಮ ಪೆನ್ನುಗಳನ್ನು ಅಮ್ಮ ದೈವದ ಮಣೆಯ ಮೇಲೆ ಇಟ್ಟು ದೀಪ ಹಚ್ಚಿದಳು. ಮನೆಯ ದೈವಕ್ಕೆ ಹೇಳಿಕೊಳ್ಳುವುದೆಲ್ಲ ತುಳುವಿನಲ್ಲಿ. ಅದು ನಡಾವಳಿ, ದೈವ ಮಾತನಾಡುವುದೂ ತುಳುವನ್ನೇ. ನನ್ನ ಪೆನ್ನು ಮುಟ್ಟಿ ಅಮ್ಮ ತುಳುವಿನಲ್ಲಿ, ಮಗುವಿನ ಕೈ ನಡುಗದ ಹಾಗೆ ನೋಡಿಕೊಳ್ಳಬೇಕು ಎಂದಳು. ಆಮೇಲೆ ತೇಜಳ ಪೆನ್ನು ಮುಟ್ಟಿ, ದನಿ ಇಳಿಸಿ, ಅರೆಭಾಷೆಯಲ್ಲಿ ಬಹಳ ಹೊತ್ತು ಏನೇನೋ ಹೇಳಿಕೊಂಡಳು. ಮಿಲ್ಲು ಇನ್ನೂ ತೆರೆದಿರಲಿಲ್ಲ. ನನಗೆ ಪ್ರತಿಯೊಂದು ಮಾತೂ ಕೇಳಿತು. ತಾಯಿಯನ್ನು ಬಿಟ್ಟು ಬಂದ ಹುಡುಗಿ, ಅತ್ತೆಯನ್ನೇ ತಾಯಿ ಎಂದು ನಂಬಿದ್ದಾಳೆ ಎಂದೆಲ್ಲ. ಬಸ್ಸಿಗೆ ಹೋಗುವ ದಾರಿಯಲ್ಲಿ ನಾನು ತಡೆಯಲಾರದೆ ಹೇಳಿದೆ.

"ನಮ್ಮ ದೈವಕ್ಕೆ ನಿಮ್ಮ ಭಾಷೆ ಬರುದಿಲ್ಲ. ಅಮ್ಮ ನಿನಗೆ ಹೇಳಿದ್ದೆಲ್ಲ ಪೊಕ್ಕಡೆ, ಬರೀ ದಂಡ."

ತೇಜ ಹೆದರಿಯಾಳು ಎಂದುಕೊಂಡಿದ್ದೆ. ಅವಳು ಜಡೆ ಹಿಂದಕ್ಕೆ ಎಸೆದು ನಕ್ಕಳು.

"ಅತ್ತೆ ಹೇಳಿದ್ದು ದೈವಕ್ಕಲ್ಲ, ನನಗೆ."

ಪುತ್ತೂರಿನ ಪರೀಕ್ಷಾ ಕೇಂದ್ರ ಬರುವ ತನಕ ನಾನು ಬಸ್ಸಿನ ಕಿಟಕಿಯ ಹೊರಗೇ ನೋಡುತ್ತಿದ್ದೆ. ಒಂದು ಅಂಗಡಿಯ ಹೆಸರೂ ನೆನಪಿಲ್ಲ. ಪ್ರಶ್ನೆಪತ್ರಿಕೆ ಕೈಗೆ ಬಂದಾಗ ಸಿಟ್ಟಿನಲ್ಲೇ ಬರೆದೆ, ಒತ್ತಿ ಒತ್ತಿ, ಹಿಂದಿನ ಪುಟಕ್ಕೂ ಮೂಡುವ ಹಾಗೆ. ಸಿಟ್ಟು ಒಳ್ಳೆಯ ಮೇಷ್ಟ್ರು. ಫಲಿತಾಂಶ ಬಂದಾಗ ಶಾಲೆಗೇ ನಾನು ಮೊದಲು. ತೇಜ ಹೇಗೋ ದಡ ಮುಟ್ಟಿದ್ದಳು. ಅಪ್ಪ ನನ್ನ ಬೆನ್ನು ತಟ್ಟಿ, ಬೆನ್ನ ಮೇಲೆ ಹಿಟ್ಟಿನ ಬೆರಳು ಮೂಡಿಸಿದರು. ಅಮ್ಮ ನನ್ನನ್ನು ನೋಡಿ, "ನನಗೆ ಗೊತ್ತಿತ್ತು" ಎಂದಳು. ತೇಜಳನ್ನು ಅಪ್ಪಿಕೊಂಡು ಅತ್ತಳು. ಅವತ್ತೇ ಕಡಲೆಬೇಳೆ ಪಾಯಸ ಮಾಡಿದಳು. ಯಾರ ಲೆಕ್ಕದ ಪಾಯಸ ಎಂದು ಕೇಳಬೇಕಾಗಿರಲಿಲ್ಲ. ಮೊದಲ ಬಟ್ಟಲು ಎಲ್ಲಿಗೆ ಹೋಯಿತು ಎಂದು ನೋಡಿದರೆ ಸಾಕಿತ್ತು.

ಪಾಯಸ ತಿನ್ನುತ್ತಾ ಚಾವಡಿಯಲ್ಲಿ ಮುಂದಿನ ಓದಿನ ಮಾತು ಎದ್ದಿತು. ನಾನು ಪುತ್ತೂರಿನಲ್ಲಿ ಸಯನ್ಸ್ ಮಾಡುವುದು ಎಂದು ಎಲ್ಲರೂ ಮೊದಲೇ ತೀರ್ಮಾನಿಸಿಬಿಟ್ಟಿದ್ದರು. ಬಸ್ಸು ಮನೆಯ ಎದುರಲ್ಲೇ ನಿಲ್ಲುತ್ತದೆ, ಮಧ್ಯಾಹ್ನಕ್ಕೆ ಬುತ್ತಿ, ಸಂಜೆಗೆ ಮನೆ. ತೇಜ ಇನ್ನು ಊರಿಗೆ ಹೋಗಿ ಸುಳ್ಯದಲ್ಲಿ ಸೇರುತ್ತಾಳೆ ಎಂದೂ ಮಾತಾಗಿತ್ತು. ಸ್ವಲ್ಪ ದಿನ ಬಾಯಿ ಮುಚ್ಚಿಕೊಂಡಿದ್ದರೆ ಸಾಕಿತ್ತು, ಅಮ್ಮ ಪೂರಾ ನನ್ನವಳೇ ಆಗುತ್ತಿದ್ದಳು. ಆದರೆ ಹೊಟ್ಟೆಕಿಚ್ಚಿಗೆ ತಾಳ್ಮೆ ಎಲ್ಲಿಂದ ಬರಬೇಕು? ಪೂರಾ ನನ್ನವಳಾದರೂ ಸಿಗುವುದು ಆ ತುಳುವಿನ ಅಮ್ಮ, ಕಡಿಮೆ ಮಾತಿನವಳು. ನನಗೆ ಬೇಕಾದದ್ದು ಒನಕೆ ಹಿಡಿದು ನಗುವವಳು.

"ನಾನು ಸುಳ್ಯದಲ್ಲಿ ಓದುದು" ಎಂದೆ. "ಅರಂತೋಡಿನಲ್ಲಿ ಮಾವನ ಮನೆಯಲ್ಲಿ ನಿಂತು."

ಅಪ್ಪನ ಬಾಯಲ್ಲಿದ್ದ ಪಾಯಸ ಅಲ್ಲೇ ನಿಂತಿತು.

"ಪುತ್ತೂರಿನಲ್ಲಿ ಕಾಲೇಜಿಲ್ವಾ? ಅಂಗೈಯಲ್ಲಿ ಬೆಣ್ಣೆ ಇಟ್ಕೊಂಡು ತುಪ್ಪಕ್ಕೆ ಊರೆಲ್ಲ ಅಲೆದ ಹಾಗಾಯ್ತಲ್ಲ ನಿನ್ನ ಕಥೆ!"

"ನನಗೆ ಅಲ್ಲೇ ಆಗ್ಬೇಕು."

"ಯಾಕೆ ಹೇಳಿ ಒಂದು ಕಾರಣ ಹೇಳು."

"ಇಲ್ಲಿ ಮಿಲ್ಲಿನ ಸದ್ದು. ಓದ್ಲಿಕ್ಕೆ ಆಗುದಿಲ್ಲ."

ಆ ಸದ್ದಿನಲ್ಲೇ ಓದಿ ಶಾಲೆಗೇ ಮೊದಲು ಬಂದವಳು ಈ ಮಾತು ಹೇಳಿದರೆ ಯಾರು ನಂಬುತ್ತಾರೆ? ಅಜ್ಜಿ ಒಮ್ಮೆ ನನ್ನ ಮುಖವನ್ನು, ಒಮ್ಮೆ ಅಡುಗೆಮನೆಯ ಬಾಗಿಲನ್ನು ನೋಡಿದಳು. ಅವಳಿಗೆ ತಿಳಿಯಿತು ಎಂದು ನನಗೂ ತಿಳಿಯಿತು.

"ಹೋಗ್ಲಿ ಬಿಡು" ಎಂದಳು ಅಪ್ಪನಿಗೆ. "ಕಟ್ಟಿ ಹಾಕಿದ್ರೆ ಹಗ್ಗ ಕಡಿಯುವ ಜಾತಿ ಇದು."

ಅಮ್ಮ ಖಾಲಿ ಬಟ್ಟಲುಗಳನ್ನು ಒಂದರೊಳಗೆ ಒಂದು ಇಟ್ಟುಕೊಂಡು ನಿಂತಿದ್ದಳು. ಮಾತನಾಡಿದ್ದು ತೇಜ.

"ಹಾಗಾದ್ರೆ ನಾನು ಇಲ್ಲೇ ಇರ್ತೇನೆ ಅತ್ತೆ. ಪುತ್ತೂರಿನಲ್ಲಿ ಕಾಮರ್ಸ್ ಸೇರ್ತೇನೆ. ಇಲ್ಲದಿದ್ರೆ ನಿಮಗೆ ಒಬ್ಬರಿಗೇ ಆಗ್ತದಲ್ಲ."

ಥೂ ನನ್ನ ಬುದ್ಧಿಯೇ! ಅಮ್ಮನ ಭಾಷೆ ತರಲಿಕ್ಕೆಂದು ಹೊರಟವಳು ಅಮ್ಮನನ್ನೇ ತಟ್ಟೆಯಲ್ಲಿಟ್ಟು ಅವಳ ಕೈಗೆ ಕೊಟ್ಟಿದ್ದೆ. ಮಾತು ಹಿಂದೆ ತೆಗೆದುಕೊಳ್ಳಲು ಮಾನ ಬಿಡಲಿಲ್ಲ. ಕಾಲೇಜು ಶುರುವಾಗುವ ಮೊದಲಿನ ಭಾನುವಾರ ಚೀಲ ಹಿಡಿದು ಬಸ್ಸು ಹತ್ತಿದೆ. ಗೇಟಿನ ಹತ್ತಿರ ಅಮ್ಮ ಮತ್ತು ತೇಜ ಭುಜಕ್ಕೆ ಭುಜ ತಾಗಿಸಿ ನಿಂತು ಕೈ ಬೀಸುತ್ತಿದ್ದರು. ಸುಳ್ಯ ಬರುವ ತನಕ ನಾನು ಅಳುತ್ತಲೇ ಇದ್ದೆ. ಪಕ್ಕದಲ್ಲಿ ಕುಳಿತ ಹೆಂಗಸು, ತವರು ಬಿಟ್ಟು ಬಂದದ್ದಾ ಮಗಳೇ ಎಂದು ಕೇಳಿದಳು. ಅಲ್ಲ, ತವರಿಗೆ ಹೋಗುದು ಎಂದೆ. ಯಾರ ತವರು ಎಂದು ಹೇಳಲಿಲ್ಲ.

ಅರಂತೋಡಿನ ಮಾವನ ಮನೆ ರಸ್ತೆಯಿಂದ ಇಳಿದು ಹೋದರೆ ಸಿಗುವ ಸಣ್ಣ ಹಂಚಿನ ಮನೆ. ಸದ್ದೆಂದರೆ ಮಡಿಕೇರಿಗೆ ಹತ್ತುವ ಲಾರಿಗಳದ್ದು ಮಾತ್ರ. ಬೆಳಿಗ್ಗೆ ಸುಳ್ಯಕ್ಕೆ ಬಸ್ಸು, ಭೌತಶಾಸ್ತ್ರ, ರಸಾಯನಶಾಸ್ತ್ರ, ಹೊಸ ಇಂಗ್ಲಿಷು. ಅದೆಲ್ಲ ಹೇಗೋ ನಡೆಯಿತು. ನನ್ನ ನಿಜವಾದ ಓದು ಇದ್ದದ್ದು ಸಂಜೆ, ಅಮ್ಮನ ಅಮ್ಮನ ಪಕ್ಕದಲ್ಲಿ. ಅರಂತೋಡಿನ ಅಜ್ಜಿಗೆ ಬೇರೆ ಭಾಷೆ ಬರುತ್ತಿರಲಿಲ್ಲ. ವೀಳ್ಯದೆಲೆ ಜಗಿಯುತ್ತಾ ಮಾತಿನ ಕೊನೆಯನ್ನು ಎಳೆದು ಎಳೆದು ಆಡುವುದು ಅವಳ ರೀತಿ. ನಾನು ತಪ್ಪಿದಲ್ಲೆಲ್ಲ ಮೊಣಕಾಲಿಗೆ ಪಟ್ಟೆಂದು ಹೊಡೆಯುತ್ತಿದ್ದಳು. ಅತ್ತೆ, ಮಾವ ನಗುತ್ತಿದ್ದರು. ನಗಲಿ ಎಂದು ಬಿಟ್ಟೆ. ತೇಜ ನಮ್ಮ ಮನೆಯಲ್ಲಿ ತಿಂದ ಒಂದೆಲಗವನ್ನೆಲ್ಲ ನಾನು ಇಲ್ಲಿ ವಸೂಲು ಮಾಡುತ್ತಿದ್ದೆ. ಅಮ್ಮ ಚಿಕ್ಕವಳಿದ್ದಾಗ ಬಾಳೆದಿಂಡು ಕಟ್ಟಿಕೊಂಡು ಹೊಳೆ ದಾಟಿದ್ದು, ಶಾಲೆಯ ನಾಟಕದಲ್ಲಿ ರಾಜನಾಗಿ ಮೀಸೆ ಬಿದ್ದುಹೋದದ್ದು, ಎಲ್ಲ ಅಜ್ಜಿ ಹೇಳಿದಳು. ತೇಜಳಿಗೆ ಅಮ್ಮ ಹೇಳಿ ನಕ್ಕದ್ದು ಇದನ್ನೇ ಇರಬೇಕು. ಅರೆಭಾಷೆಯಲ್ಲಿ ಕೇಳಿದರೆ ನಿಜವಾಗಿಯೂ ನಗು ಬರುತ್ತಿತ್ತು.

ದಸರೆಯ ರಜೆಗೆ ಮನೆಗೆ ಬಂದೆ. ಕುಂಬ್ರದಲ್ಲಿ ಇಳಿದಾಗ ಮಿಲ್ಲಿನ ಸದ್ದು ರಸ್ತೆಗೇ ಕೇಳುತ್ತಿತ್ತು. ಹಿಂಬದಿಯಿಂದ ಹೋದೆ. ಅಡುಗೆಮನೆಯಲ್ಲಿ ಅಮ್ಮ ಪತ್ರೊಡೆಗೆ ಕೆಸುವಿನ ಎಲೆಯ ನಾರು ತೆಗೆಯುತ್ತಿದ್ದಳು, ತೇಜ ಅಕ್ಕಿ ರುಬ್ಬುತ್ತಿದ್ದಳು. ಇಬ್ಬರೂ ಮಾತನಾಡುತ್ತಿದ್ದದ್ದು ತುಳುವಿನಲ್ಲಿ! ತೇಜ ಕುಂಬ್ರದ ಅಜ್ಜಿಯ ಜೊತೆ ಇದ್ದೂ ಇದ್ದೂ ತುಳು ಕಲಿತು, ಬೊಬ್ಬೆ ಹಾಕಿ ಮಾತನಾಡುವ ನಮ್ಮ ಮನೆಯವಳೇ ಆಗಿಬಿಟ್ಟಿದ್ದಳು. ನಾನು ಇಷ್ಟು ಕಷ್ಟಪಟ್ಟು ಕದ್ದು ತಂದದ್ದನ್ನು ಅವಳು ಹಳೆಯ ಲಂಗದ ಹಾಗೆ ಬಿಚ್ಚಿ ಎಸೆದಿದ್ದಳು. ಆಗಲೇ ಕರೆಂಟು ಹೋಯಿತು. ಮಿಲ್ಲು ಉಸಿರೆಳೆದು ನಿಂತಿತು. ಅಮ್ಮ ತಲೆ ಎತ್ತಿ ನನ್ನನ್ನು ಕಂಡಳು. ಅವಳು ತುಳುವಿನಲ್ಲಿ ಬಾಯಿ ತೆರೆಯುವ ಮೊದಲೇ ನಾನು ಊಟಕ್ಕೆ ಏನುಂಟು ಎಂದು ಅರೆಭಾಷೆಯಲ್ಲಿ ಕೇಳಿದೆ.

"ಅವ್ವಾ, ಊಟಕ್ಕೆ ಎಂತ ಉಟ್ಟು?"

ಹುಟ್ಟಿದಂದಿನಿಂದ ಅಮ್ಮ ಎಂದು ಕರೆದವಳನ್ನು ಅವತ್ತು ಮೊದಲ ಬಾರಿ ಅವ್ವಾ ಎಂದದ್ದು. ಕೊನೆಯ ಅಕ್ಷರವನ್ನು ಅರಂತೋಡಿನ ಅಜ್ಜಿಯ ಹಾಗೆಯೇ ಎಳೆದಿದ್ದೆ. ಅಮ್ಮನ ಕೈಯಿಂದ ಕೆಸುವಿನ ಎಲೆ ಜಾರಿತು. ಅವಳು ತೇಜಳ ಕಡೆ ತಿರುಗಿದಳು, ತುಳುವಿನಲ್ಲೇ ಹೇಳಿದಳು.

"ಕೇಳಿದೆಯಾ? ನಮ್ಮ ಅವ್ವನೇ ಬಂದು ಬಾಗಿಲಲ್ಲಿ ನಿಂತ ಹಾಗಾಯ್ತು."

ಅದನ್ನೂ ಅವಳಿಗೇ ಹೇಳಬೇಕಾ ಎಂದು ನನ್ನ ಹೊಟ್ಟೆ ಧಗ್ಗೆಂದಿತು. ಅಷ್ಟರಲ್ಲಿ ಅಮ್ಮ ಎದ್ದು ಬಂದು ಒದ್ದೆ ಕೈಯಲ್ಲಿ ನನ್ನ ಗಲ್ಲ ಹಿಡಿದಳು. ಈ ಸಲ ಮಾತು ಅರೆಭಾಷೆಯಲ್ಲಿ ಬಂತು, ನೇರ ನನ್ನ ಮುಖಕ್ಕೆ. ಇನ್ನೊಮ್ಮೆ ಹೇಳು ಎಂದಳು. ಹೇಳಿದೆ. ಇನ್ನೊಮ್ಮೆ ಎಂದಳು. ಹೇಳಿದೆ. ಅವಳು ನಗಲು ಶುರುಮಾಡಿದಳು. ಅದೇ ನಗು, ಗಂಟಲು ಬಿಟ್ಟು, ಉಸಿರು ಸಿಕ್ಕಿಕೊಳ್ಳುವ ಹಾಗೆ. ಚಾವಡಿಯಿಂದ ಅಜ್ಜಿ, ಯಾರದ್ದು ಅದು, ನನ್ನ ಬಗ್ಗೆ ಎಂತ ಹೇಳುದು ಎಂದು ಬೊಬ್ಬೆ ಹಾಕಿದಳು. ಅಮ್ಮ ನಗು ನಿಲ್ಲಿಸಲಿಲ್ಲ.

ರುಬ್ಬುವ ಕಲ್ಲು ಸುಮ್ಮನಾಗಿತ್ತು. ತೇಜ ಹಿಟ್ಟಿನ ಕೈ ಹಾಗೇ ಹಿಡಿದು ನಮ್ಮನ್ನೇ ನೋಡುತ್ತಿದ್ದಳು.

"ನಾನು ಮಾತಾಡಿದ್ರೆ ಊರಿನ ಅಜ್ಜಿಯ ಹಾಗೆ ಕೇಳುದಿಲ್ವಾ ಅತ್ತೆ?" ಎಂದು ಕೇಳಿದಳು, ಮೆಲ್ಲಗೆ.

"ನಿನ್ನದು ನಿನ್ನ ಹಾಗೆ ಮಾರಾಯ್ತಿ" ಎಂದಳು ಅಮ್ಮ, ಅವಳ ಕಡೆ ನೋಡದೆ.

ತೇಜಳ ಮುಖ ನೋಡಿದೆ. ಆ ಮುಖ ನನಗೆ ಹೊಸತಲ್ಲ, ಎರಡು ವರ್ಷ ಅದನ್ನೇ ಕನ್ನಡಿಯಲ್ಲಿ ನೋಡಿದ್ದೆ. ನಾನು ಮಣೆ ಎಳೆದುಕೊಂಡು ಕುಳಿತೆ. ಅವತ್ತು ಪತ್ರೊಡೆ ಆಗುವ ತನಕ ಕಾಯದೆ, ಬೆಳಗ್ಗಿನ ಗಂಜಿಯನ್ನೇ ಉಪ್ಪಿನಕಾಯಿ ಹಾಕಿಕೊಂಡು ಹೊಟ್ಟೆ ತುಂಬ ಉಂಡೆ.